ಡೆವೆಂಟರಿನಲ್ಲಿ ಲೋಟಮ್ಮನ ಇಬ್ಬರು ತಾಯಂದಿರು

ಹೊಸದುರ್ಗದ ಬಸ್ಸು

ಹೊಸದುರ್ಗದಿಂದ ಹೊಳಲ್ಕೆರೆಗೆ ವಾಪಸಾಗುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ನನ್ನ ಮುಖವನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ, ಕೊನೆಗೆ ಕೇಳಿಯೇಬಿಟ್ಟಳು.

"ನೀನೇ ಅಲ್ಲೇನಮ್ಮ, ಕೂಸನ್ನ ಪರದೇಶದೋರಿಗೆ ಕೊಟ್ಟು ಕಳ್ಸಿದೋಳು?"

ಮುಂದಿನ ಸೀಟಿನವರು ಹಿಂದಕ್ಕೆ ತಿರುಗಿದರು. ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದರು.

"ಅದು ಸಿನಿಮಾ ಕಣಮ್ಮ," ಅಂದೆ.

"ಸಿನಿಮಾ ಆದ್ರೇನು, ಕರುಳು ಬ್ಯಾಡೇನು? ಅಷ್ಟು ದೂರದಿಂದ ಹುಡುಕ್ಕಂಡು ಬಂದೈತೆ ಹುಡುಗಿ. ಒಂದು ಸಲ ತಬ್ಕಳಾಕೆ ಏನಾಗಿತ್ತು ನಿಂಗೆ? ಉಂಡ್ಯಾ ಅಂತ ಕೇಳ್ದೆ, ಶೇಂಗಾ ಬಿಡಸ್ತಾ ಕುಂತ್ಕಂಡೆ!"

ಇಡೀ ಬಸ್ಸು ಅವಳ ಪಕ್ಷವಾಯಿತು. ನಾನು ಹೊಳಲ್ಕೆರೆ ಬರುವವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತೆ.

ನಾನು ಗೌರಮ್ಮ. ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಶಾಲಾ ವಾರ್ಷಿಕೋತ್ಸವದ ನಾಟಕಗಳಲ್ಲಿ ಕುಂತಿಯಿಂದ ಹಿಡಿದು ಮುದುಕಿಯವರೆಗೆ ಸಿಕ್ಕಿದ್ದೆಲ್ಲ ಮಾಡಿದ್ದೆ. ನನ್ನ ಹಳೇ ವಿದ್ಯಾರ್ಥಿನಿ ನಸ್ರೀನ್ ಅದನ್ನು ನೆನಪಿಟ್ಟುಕೊಂಡಿದ್ದಳು. ದುರ್ಗದಲ್ಲಿ ಅವರಪ್ಪನದು ಗಾದಿ ಹೊಲಿಯುವ ಅಂಗಡಿ. ಅವಳು ನಾಲ್ಕಾರು ಗೆಳೆಯರನ್ನು ಸೇರಿಸಿಕೊಂಡು ಸ್ವಂತ ಸಿನಿಮಾ ಮಾಡಲು ಹೊರಟಾಗ, "ಮಿಸ್, ನೀವು ತಾಯಿ ಪಾರ್ಟ್ ಮಾಡ್ರಿ, ಮಾತು ಜಾಸ್ತಿ ಇಲ್ಲ" ಎಂದು ಮನೆಗೇ ಬಂದಳು. ಇಷ್ಟು ವರ್ಷ ತರಗತಿಯಲ್ಲಿ ಮಾತಾಡಿ ದಣಿದಿದ್ದ ನನಗೆ ಮಾತಿಲ್ಲದ ಪಾತ್ರವೇ ಇಷ್ಟವಾಯಿತು.

ಕಥೆ ಹೀಗೆ: ಧರ್ಮಪುರದ ಕಡೆಯ ಒಬ್ಬ ಹೆಂಗಸು ಗಂಡ ಸತ್ತ ಮೇಲೆ ತನ್ನ ಪುಟ್ಟ ಮಗಳನ್ನು ಅನಾಥಾಲಯಕ್ಕೆ ಬಿಡುತ್ತಾಳೆ. ಹಾಲೆಂಡಿನ ದಂಪತಿ ಆ ಮಗುವನ್ನು ದತ್ತು ತೆಗೆದುಕೊಳ್ಳುತ್ತಾರೆ. ಮಗು ದೊಡ್ಡವಳಾಗಿ ತಾಯಿಯನ್ನು ಹುಡುಕಿಕೊಂಡು ಬರುತ್ತಾಳೆ. ಮಗಳ ಪಾತ್ರ ಮಾಡಿದವಳು ನಿಜವಾಗಿಯೂ ಹಾಗೆ ನಮ್ಮ ಸೀಮೆಯಿಂದ ಹಾಲೆಂಡಿಗೆ ಹೋದವಳೇ. ಅವಳ ನಿಜವಾದ ಹೆತ್ತ ತಾಯಿ ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಅವಳ ಹೆಸರು ಲೊಟ್ಟೆ. ಚಿತ್ರೀಕರಣ ನಡೆದ ಧರ್ಮಪುರದ ಜನ ಒಂದೇ ದಿನದಲ್ಲಿ ಅವಳನ್ನು ಲೋಟಮ್ಮ ಮಾಡಿದರು. ಅರ್ಥ ಹೇಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ನಾವೆಲ್ಲರೂ ಹಾಗೇ ಕರೆಯತೊಡಗಿದೆವು.

ಚಿತ್ರದುರ್ಗದಲ್ಲಿ ಮೊದಲ ಸಲ ತೋರಿಸಿದಾಗ ಅಭಿಪ್ರಾಯಗಳಿಗೆ ಬರವಿರಲಿಲ್ಲ. ಭೀಮಸಮುದ್ರದ ಅಡಿಕೆ ವ್ಯಾಪಾರಿಯೊಬ್ಬರು ನನಗೆ ಕೈಮುಗಿದು, "ಅಮ್ಮಾ, ನೀವು ಚೆನ್ನಾಗಿ ಮಾಡೀರಿ, ಆದ್ರೆ ಸಿನಿಮಾ ಯಾಕೆ ಮಾಡಿದ್ರೋ ತಿಳೀಲಿಲ್ಲ" ಅಂದರು. ನಸ್ರೀನಳ ಅಪ್ಪ ಮಗಳ ತಲೆ ಸವರಿ, "ಪಿಕ್ಚರ್ ಚಲೋ ಐತೆ ಬೇಟಿ. ಇಂಟ್ರವಲ್‌ಗೆ ಮುಂಚೆ ಏನೂ ಆಗಲ್ಲ, ಆದ್ಮೇಲೂ ಏನೂ ಆಗಲ್ಲ. ಅದೊಂದು ಸ್ವಲ್ಪ ನೋಡ್ಕೋ" ಎಂದು ಹೇಳಿ ಕಣ್ಣೊರೆಸಿಕೊಂಡರು. ಕಣ್ಣೀರು ಯಾವುದಕ್ಕೆ ಬಂತೆಂದು ಹೇಳಲಿಲ್ಲ.

ಇಷ್ಟರಲ್ಲಿ ಹಾಲೆಂಡಿನ ಡೆವೆಂಟರ್ ಎಂಬ ಊರಿನಿಂದ ಕರೆ ಬಂತು. ಲೋಟಮ್ಮನ ಊರು ಅದೇ. ಅಲ್ಲಿನ ಒಂದು ಸಣ್ಣ ಚಿತ್ರಮಂದಿರದವರು ಎರಡು ಪ್ರದರ್ಶನ ಇಟ್ಟಿದ್ದರು. ನಿರ್ದೇಶಕಿ ಬರಬೇಕು, ತಾಯಿಯೂ ಬರಬೇಕು ಎಂದಿದ್ದರು.

ನನ್ನ ಯಜಮಾನರು ತಿಪ್ಪೇಸ್ವಾಮಿಯವರು ಬಸ್ ಸ್ಟ್ಯಾಂಡಿನವರೆಗೆ ಚೀಲ ಹೊತ್ತು ತಂದು, "ಹೋಗ್ ಬಾ. ಆದ್ರೆ ಅಲ್ಲಿ ಮತ್ತೆ ಯಾರ್ ಮಕ್ಕಳನ್ನೂ ಯಾರಿಗೂ ಕೊಟ್ಟು ಬರಬೇಡ" ಅಂದರು.

ಗಡಿಯ ಕಿಟಕಿ

ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವ ಹುಡುಗ ಬಹಳ ಎತ್ತರವಿದ್ದ. ಕೂತಿದ್ದರೂ ನಿಂತಂತೆ ಕಾಣುತ್ತಿದ್ದ. ನಸ್ರೀನಳನ್ನು ಬೇರೆ ಸಾಲಿಗೆ ಕಳಿಸಿದ್ದರು. ನನ್ನ ಇಂಗ್ಲಿಷು ಕನ್ನಡ ಮೇಷ್ಟ್ರುಗಳ ಇಂಗ್ಲಿಷು: ವ್ಯಾಕರಣ ಸರಿ ಇರುತ್ತದೆ, ಸಮಯಕ್ಕೆ ಬರುವುದಿಲ್ಲ.

"ಯಾಕೆ ಬಂದಿದ್ದೀರಿ?" ಎಂದು ಕೇಳಿದ.

"ಸಿನಿಮಾಕ್ಕೆ. ನಾನು ತಾಯಿ."

"ಯಾರ ತಾಯಿ?"

"ಲೊಟ್ಟೆಯ ತಾಯಿ. ಅವಳು ಡೆವೆಂಟರಿನಲ್ಲಿದ್ದಾಳೆ."

ಅವನ ಮುಖ ಸಡಿಲವಾಯಿತು. ಮಗಳನ್ನು ನೋಡಲು ಬಂದ ತಾಯಂದಿರು ಅವನಿಗೆ ಹೊಸಬರಲ್ಲ.

"ಹಾಗಾದರೆ ಮಗಳ ಮನೆಯಲ್ಲಿ ಇರುತ್ತೀರಿ?"

"ಇಲ್ಲ. ಅವಳ ತಾಯಿಯ ಮನೆಯಲ್ಲಿ ಇರುತ್ತೇನೆ."

ಅವನು ನನ್ನ ಪಾಸ್‌ಪೋರ್ಟನ್ನು ಮುಚ್ಚಿ, ಮತ್ತೆ ತೆರೆದು, ನನ್ನ ಮುಖವನ್ನೂ ಫೋಟೋವನ್ನೂ ನೋಡಿದ. ನಾನು ವಿವರಿಸಲು ಹೊರಟೆ. ನಾನು ಹೆತ್ತ ತಾಯಿ, ಆದರೆ ಹೆತ್ತಿಲ್ಲ. ಆಕೆ ಸಾಕಿದ ತಾಯಿ, ಆಕೆ ನಿಜ. ಮಗಳು ಇಬ್ಬರಿಗೂ ಒಬ್ಬಳೇ. ವಿವರಿಸಿದಷ್ಟೂ ಅವನ ಹುಬ್ಬು ಮೇಲೇರಿತು. ಕೊನೆಗೆ ನಸ್ರೀನ್ ಆಚೆ ಸಾಲಿನಿಂದ ಓಡಿಬಂದು ಸಿನಿಮಾದ ಪೋಸ್ಟರನ್ನು ಫೋನಿನಲ್ಲಿ ತೋರಿಸಿದಳು. ಪೋಸ್ಟರಿನಲ್ಲಿ ನಾನು ಶೇಂಗಾ ಬಿಡಿಸುತ್ತಾ ಕೂತಿದ್ದೆ. ಅವನು ಮುದ್ರೆ ಒತ್ತಿ, "ಒಳ್ಳೆಯದಾಗಲಿ, ತಾಯಿ" ಅಂದ. ಸಾಲಿನಲ್ಲಿ ನನ್ನ ಹಿಂದಿದ್ದವರು ನಿಟ್ಟುಸಿರು ಬಿಟ್ಟರು.

ಲೋಟಮ್ಮ ಹೊರಗೆ ಕಾಯುತ್ತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಹಿರಿಯೂರಿನ ಸಂತೆಯಲ್ಲಿ ನಿಲ್ಲಿಸಿದರೆ ಯಾರೂ ಬೇರೆಯವಳು ಅನ್ನುವುದಿಲ್ಲ, ಬಾಯಿ ಬಿಡುವವರೆಗೆ. "ಬರ್ರಿ ಮಿಸ್, ಬರ್ರಿ! ರೈಲು ಐತೆ!" ಎಂದು ಕೂಗಿದಳು. ಧರ್ಮಪುರದಲ್ಲಿ ಕಲಿತ ಕನ್ನಡ ಅಷ್ಟೇ. ಆದರೆ ಅಷ್ಟರಲ್ಲೇ ನನ್ನ ಪ್ರಯಾಣದ ಅರ್ಧ ಸುಸ್ತು ಇಳಿಯಿತು.

ರೈಲಿನಲ್ಲಿ ಅವಳು ಒಂದು ವಿಷಯ ಹೇಳಿದಳು. ಚಿತ್ರಮಂದಿರದವರಿಗೆ ಕೋಣೆಗಳು ಸಿಕ್ಕಿರಲಿಲ್ಲ. ನಸ್ರೀನ್ ಲೋಟಮ್ಮನ ಒಂದು ಕೋಣೆಯ ಮನೆಯಲ್ಲಿ ಇರಬೇಕು, ನಾನು ಅವಳ ತಾಯಿ ಟ್ರೂಸ್ ಮನೆಯಲ್ಲಿ. ಅದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಇದು: ಟ್ರೂಸ್ ಇನ್ನೂ ಸಿನಿಮಾ ನೋಡಿಲ್ಲ, ನೋಡುವುದಿಲ್ಲ ಎಂದು ಹಟ ಹಿಡಿದಿದ್ದಾಳೆ.

"ಮತ್ತೆ ನನ್ನನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದರಾ?" ಎಂದು ಕೇಳಿದೆ.

"ಬೇಡ ಅನ್ನಲಿಲ್ಲ," ಅಂದಳು ಲೋಟಮ್ಮ, ಕಿಟಕಿಯ ಕಡೆ ತಿರುಗಿ.

ಕಡಿದಾದ ಮೆಟ್ಟಿಲ ಮನೆ

ಹಾಲೆಂಡ್ ಪೂರ್ತಿ ಚಪ್ಪಟೆ. ಬಂಡೆಗಳ ನಡುವೆ ಬೆಳೆದ ನನ್ನ ಕಣ್ಣು ಒಂದಾದರೂ ಗುಡ್ಡಕ್ಕಾಗಿ ಹುಡುಕಿ ಸೋತಿತು. ಟ್ರೂಸ್ ಮನೆಯ ಮೆಟ್ಟಿಲು ನೋಡಿದ ಮೇಲೆ ತಿಳಿಯಿತು, ಆ ದೇಶದ ಬೆಟ್ಟಗಳನ್ನೆಲ್ಲ ಮನೆಗಳ ಒಳಗೆ ಇಟ್ಟಿದ್ದಾರೆ. ನಮ್ಮ ಕೋಟೆಯಲ್ಲಿ ಬಂಡೆ ಹತ್ತುವವರಿಗೆ ಕಾಲಿಡಲು ಕಚ್ಚು ಹೊಡೆದಿರುತ್ತಾರಲ್ಲ, ಆ ಮೆಟ್ಟಿಲೂ ಅಷ್ಟೇ ಅಗಲ. ಸೀರೆಯ ನೆರಿಗೆ ಎತ್ತಿ ಹಿಡಿದು, ಪಕ್ಕದ ಹಗ್ಗದಂಥ ಹಿಡಿಕೆ ಹಿಡಿದು, ಹಿಮ್ಮುಖವಾಗಿ ಇಳಿಯುವುದನ್ನು ಕಲಿತೆ. ಕೆಳಗೆ ನಿಂತು ಟ್ರೂಸ್ ಒಂದೊಂದು ಮೆಟ್ಟಿಲಿಗೂ "ಹೌದು... ಹೌದು..." ಎನ್ನುತ್ತಿದ್ದಳು.

ಟ್ರೂಸ್ ನನಗಿಂತ ಹಿರಿಯಳು, ಗಂಡ ತೀರಿಕೊಂಡು ವರ್ಷಗಳಾಗಿವೆ. ತೆಳ್ಳಗೆ, ನೆಟ್ಟಗೆ, ನೆಲ ಒರೆಸುವಾಗಲೂ ಹೊರಗೆ ಹೊರಟವಳಂತೆ ಇರುತ್ತಿದ್ದಳು. ಅವರ ಭಾಷೆಯಲ್ಲಿ ಗಕಾರ ಗಂಟಲಿನ ಆಳದಿಂದ ಹೊರಡುತ್ತದೆ. ಹಾಗಾಗಿ ನಾನು "ಖೌರಮ್ಮ" ಆದೆ. ಕೇಳಿದಾಗಲೆಲ್ಲ ಕ್ಷೌರದಂಗಡಿಯ ಹತ್ತಿರ ನಿಂತಂತೆ ಅನಿಸುತ್ತಿತ್ತು.

ಮೊದಲ ದಿನ ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬ ತೆರೆದಳು. ಒಂದು ತೆಗೆದುಕೊಂಡೆ. ಡಬ್ಬ ಟಪ್ ಎಂದು ಮುಚ್ಚಿತು. ನನ್ನ ಮೇಲಿನ ಕೋಪ ಹೀಗೆ ತೀರಿಸಿಕೊಂಡಳು ಎಂದುಕೊಂಡೆ. ಆಮೇಲೆ ಲೋಟಮ್ಮ ಬಂದಾಗ ಅವಳಿಗೂ ಒಂದೇ. ನಸ್ರೀನಳಿಗೂ ಒಂದೇ. ಟ್ರೂಸ್ ತಾನೂ ಒಂದೇ ತಿಂದಳು. ನಮ್ಮಲ್ಲಿ ಬೇಡ ಬೇಡ ಎಂದಾಗಲೂ ತಟ್ಟೆಗೆ ಬೀಳುವ ಹೋಳಿಗೆಯನ್ನು ನೆನೆದು, ಇದು ಕೋಪವಲ್ಲ, ಕ್ರಮ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಕೋಪವೂ ಇತ್ತು. ಅಥವಾ ಕೋಪವಲ್ಲದ ಏನೋ. ಲೋಟಮ್ಮ ಮಾತಾಡುತ್ತಾ ನನ್ನ ತೋಳಿಗೆ ಒರಗಿದರೆ ಟ್ರೂಸ್ ಎದ್ದು ಹೋಗಿ ಹೂಕುಂಡಗಳಿಗೆ ನೀರು ಹಾಕುತ್ತಿದ್ದಳು. ಆ ವಾರ ಆ ಗಿಡಗಳು ಬಹಳ ನೀರು ಕುಡಿದವು.

ಕುರ್ಚಿಗಳ ವೃತ್ತ

ಅವರ ಮನೆಯ ಕಕ್ಕಸಿನಲ್ಲಿ ಕೂತರೆ ಕಣ್ಣೆದುರು ಒಂದು ಕ್ಯಾಲೆಂಡರು. ಅದರಲ್ಲಿ ವಾರ, ತಿಥಿ ಏನೂ ಇಲ್ಲ, ಬಂಧುಬಳಗದ ಹುಟ್ಟುಹಬ್ಬಗಳು ಮಾತ್ರ. ಎಲ್ಲರ ಮನೆಯಲ್ಲೂ ಅದನ್ನು ಅಲ್ಲೇ ತೂಗುಹಾಕುತ್ತಾರಂತೆ. ಮರೆಯಬಾರದಲ್ಲ ಎಂದು. ಅದರ ಪ್ರಕಾರ ಮರುದಿನ ಟ್ರೂಸ್ ತಂಗಿಯ ಹುಟ್ಟುಹಬ್ಬ, ನಾನೂ ಹೋಗಬೇಕು.

ಹೋದರೆ, ನಡುಮನೆಯಲ್ಲಿ ಕುರ್ಚಿಗಳನ್ನು ವೃತ್ತಾಕಾರವಾಗಿ ಇಟ್ಟು ಎಲ್ಲರೂ ಕೂತಿದ್ದಾರೆ. ಹಾಡಿಲ್ಲ, ಗದ್ದಲವಿಲ್ಲ, ಮಕ್ಕಳ ಓಡಾಟವಿಲ್ಲ. ಪಂಚಾಯ್ತಿ ಕರೆದಂತಿತ್ತು. ಬಂದವರು ವೃತ್ತದ ಒಳಗೆ ಸುತ್ತುತ್ತಾ ಪ್ರತಿಯೊಬ್ಬರ ಕೈಕುಲುಕಿ ಅಭಿನಂದಿಸಬೇಕು. ಹುಟ್ಟಿದವಳನ್ನಷ್ಟೇ ಅಲ್ಲ. ಅಕ್ಕನಿಗೆ "ನಿಮ್ಮ ತಂಗಿಗಾಗಿ ಅಭಿನಂದನೆ", ಗಂಡನಿಗೆ "ನಿಮ್ಮ ಹೆಂಡತಿಗಾಗಿ ಅಭಿನಂದನೆ", ಪಕ್ಕದ ಮನೆಯವನಿಗೆ "ನಿಮ್ಮ ನೆರೆಯವಳಿಗಾಗಿ ಅಭಿನಂದನೆ". ನನಗೆ ಇದು ಬಹಳ ಹಿಡಿಸಿತು. ಒಬ್ಬರು ಹುಟ್ಟಿದ್ದಕ್ಕೆ ಸುತ್ತಲಿನವರೆಲ್ಲ ಕಷ್ಟಪಟ್ಟಿರುತ್ತಾರೆ ಎಂಬುದನ್ನು ಇವರು ಒಪ್ಪಿಕೊಂಡಿದ್ದಾರೆ.

ಒಬ್ಬ ಮುದುಕ, ಟ್ರೂಸ್ ಗಂಡನ ಕಡೆಯವನಂತೆ, ಸುತ್ತುತ್ತಾ ನನ್ನೆದುರು ಬಂದು ನಿಂತ. ನನ್ನನ್ನು ನೋಡಿದ, ಪಕ್ಕದಲ್ಲಿದ್ದ ಲೋಟಮ್ಮನನ್ನು ನೋಡಿದ. ಕಣ್ಣು ತೇವವಾಯಿತು. ನನ್ನ ಎರಡೂ ಕೈ ಹಿಡಿದು ಇಂಗ್ಲಿಷಿನಲ್ಲಿ ಹೇಳಿದ, "ನಿಮ್ಮ ಮಗಳಿಗಾಗಿ ಅಭಿನಂದನೆ."

ಟ್ರೂಸ್ ಕೈಯಲ್ಲಿದ್ದ ಕಾಫಿ ಬಟ್ಟಲು ಸಾಸರಿಗೆ ಬಡಿದು ಸದ್ದಾಯಿತು.

"ಅವರು ನಟಿ," ಅಂದಳು ಟ್ರೂಸ್.

ಅಷ್ಟೇ. ವಾರ್ಷಿಕೋತ್ಸವದ ಕಾಲದಿಂದ ನಾನು ಕೇಳಬೇಕೆಂದುಕೊಂಡಿದ್ದ ಮಾತು ಅದು. ಆದರೆ ಆ ದನಿಯಲ್ಲಿ ಕೇಳಬೇಕೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಮೊದಲ ಪ್ರದರ್ಶನ

ಚಿತ್ರಮಂದಿರ ನಮ್ಮ ಕಡೆಯ ಮದುವೆ ಛತ್ರದ ಊಟದ ಮನೆಯಷ್ಟೇ ದೊಡ್ಡದು. ಆದರೆ ತುಂಬಿತ್ತು. ದತ್ತು ಮಕ್ಕಳಾಗಿ ಬಂದು ಬೆಳೆದವರು ಒಂದು ಕಡೆ, ದತ್ತು ತೆಗೆದುಕೊಂಡ ತಂದೆತಾಯಿಗಳು ಇನ್ನೊಂದು ಕಡೆ, ಗಂಡಿನವರು ಹೆಣ್ಣಿನವರು ಎಂಬಂತೆ ತಮ್ಮಷ್ಟಕ್ಕೇ ಬೇರೆಯಾಗಿ ಕೂತಿದ್ದರು. ಟ್ರೂಸ್ ಬಂದಿರಲಿಲ್ಲ.

ಸಿನಿಮಾ ಮುಗಿದ ಮೇಲೆ ನಸ್ರೀನ್, ಲೋಟಮ್ಮ, ನಾನು ವೇದಿಕೆಯ ಮೇಲೆ ಕೂತೆವು. ನಮ್ಮಲ್ಲಿ ಇಷ್ಟವಾಗದಿದ್ದರೆ ಜನ ಎದ್ದು ಹೋಗುತ್ತಾರೆ. ಅಲ್ಲಿ ಇಷ್ಟವಾಗದವರೇ ಮೊದಲು ಕೈಯೆತ್ತುತ್ತಾರೆ.

ದತ್ತು ಮಗಳಾಗಿ ಬಂದ ಒಬ್ಬಾಕೆ, "ನಿಮ್ಮ ಸಿನಿಮಾದಲ್ಲಿ ಇಬ್ಬರು ತಾಯಂದಿರಿಗೂ ಅಳಲು ಅವಕಾಶವಿದೆ. ಮಗಳು ಮಾತ್ರ ಇಬ್ಬರನ್ನೂ ಅರ್ಥ ಮಾಡಿಕೊಳ್ಳುತ್ತಾ ಓಡಾಡಬೇಕು. ನನಗೆ ಸಿಟ್ಟು ಬಂತು" ಅಂದಳು. ಅವಳ ಹಿಂದೆ ಕೂತಿದ್ದವನು, "ನಾನು ಮೊದಲ ಸಲ ನನ್ನ ಕಥೆಯನ್ನು ಪರದೆಯ ಮೇಲೆ ನೋಡಿದೆ" ಎಂದಷ್ಟೇ ಹೇಳಿ ಕೂತುಬಿಟ್ಟ. ಒಬ್ಬ ದತ್ತು ತಂದೆ ಎದ್ದು ನಿಂತ. ಅವನ ಆಕ್ಷೇಪವಿದ್ದದ್ದು ತಲೆ ತೊಳೆಯುವ ದೃಶ್ಯದ ಬಗ್ಗೆ. ಸಿನಿಮಾದಲ್ಲಿ ಮಗು ಹಾಲೆಂಡಿಗೆ ಬಂದ ದಿನವೇ ಸಾಕುತಾಯಿ ಅದರ ತಲೆಯ ಎಣ್ಣೆಯನ್ನೆಲ್ಲ ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಮಗು ಕಿರುಚುತ್ತದೆ. ತಾಯಿ ನಿಲ್ಲಿಸುವುದಿಲ್ಲ. "ನಾವೆಲ್ಲ ಹಾಗಿದ್ದೆವಾ?" ಎಂದು ಅವನು ಕೇಳಿದಾಗ ಅರ್ಧ ಸಭೆ ಚಪ್ಪಾಳೆ ತಟ್ಟಿತು, ಇನ್ನರ್ಧ ಸಭೆ ಕೈಕಟ್ಟಿ ಕೂತಿತು.

ಆ ದೃಶ್ಯ ಲೋಟಮ್ಮನ ನೆನಪಿನಿಂದಲೇ ಬಂದದ್ದು. ಬಂದಾಗ ಅವಳಿಗೆ ಮೂರು ವರ್ಷ. ಅವಳು ತಲೆತಗ್ಗಿಸಿ ಕೂತಿದ್ದಳು.

ಆಮೇಲೆ ಉಣ್ಣೆಯ ಟೋಪಿಯ ಒಬ್ಬ ಗೃಹಸ್ಥ ಕೊನೆಯ ದೃಶ್ಯವನ್ನು ಹೊಗಳಿದ. ತಾಯಿ ಏನೂ ಹೇಳದೆ ಬಹಳ ಹೊತ್ತು ಸುಮ್ಮನಿದ್ದು "ಉಂಡ್ಯಾ?" ಎಂದಷ್ಟೇ ಕೇಳುತ್ತಾಳಲ್ಲ, ಆ ಮೌನದಲ್ಲಿ ಒಂದು ನಾಗರಿಕತೆಯೇ ಇದೆ ಅಂದ. ನಿಜ ಏನೆಂದರೆ ಅಲ್ಲಿ ನನಗೆ ಒಂದು ಉದ್ದದ ಮಾತಿತ್ತು, ಅದು ಮರೆತುಹೋಯಿತು. ನೆನಪಾಗಲಿ ಎಂದು ಕಾದೆ, ಆಗಲಿಲ್ಲ, ಬಾಯಿಗೆ ಬಂದದ್ದು ಕೇಳಿದೆ. ದುರ್ಗದಲ್ಲಿ ಮೂರನೇ ಸಾಲಿನ ಒಬ್ಬ, "ಮೇಡಂಗೆ ಡೈಲಾಗ್ ಮರ್ತೈತೆ" ಎಂದು ಅಲ್ಲೇ ಕೂಗಿದ್ದ. ಈ ಗೃಹಸ್ಥನಿಗೆ ನಾನು ತಲೆಬಾಗಿ ವಂದಿಸಿದೆ.

ಕೊನೆಗೆ ಕೆಂಪು ಕನ್ನಡಕದ ಒಬ್ಬ ಹೆಂಗಸು ನನಗೇ ಪ್ರಶ್ನೆ ಕೇಳಿದಳು. ನಸ್ರೀನ್ ಅನುವಾದಿಸಿದಳು: "ಮಿಸ್, ನೀವು ನಿಜವಾಗ್ಲೂ ಮಗಳನ್ನ ಕೊಟ್ಟೀರಾ ಅಂತ ಕೇಳ್ತವ್ರೆ."

"ಹೂಂ, ಕೊಟ್ಟೀವಿ," ಅಂದೆ ನಾನು ಸಂತೋಷದಿಂದ. "ಹಿರಿಯೂರಿಗೆ ಕೊಟ್ಟೀವಿ. ಒಳ್ಳೆ ಮನೆತನ. ಹೋಗಿ ಬಂದು ಮಾಡ್ತಿರ್ತೀವಿ."

ಸುಸ್ತಾಗಿದ್ದ ನಸ್ರೀನ್ ಅದನ್ನು ಹಾಗೆಯೇ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿಬಿಟ್ಟಳು. ಸಭೆಯಿಂದ ಒಂದು ದೊಡ್ಡ ನಿಟ್ಟುಸಿರು ಎದ್ದಿತು. ಕೆಂಪು ಕನ್ನಡಕದವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಮ್ಮಲ್ಲಿ ಮಗಳನ್ನು ಕೊಡುವುದೆಂದರೆ ಮದುವೆ ಮಾಡಿ ಕಳಿಸುವುದು ಎಂದು ತಿಳಿಸಿ ಹೇಳುವಷ್ಟರಲ್ಲಿ ಸಭೆ ಮುಗಿದು ಎಲ್ಲರೂ ಕೋಟು ಹಾಕಿಕೊಳ್ಳುತ್ತಿದ್ದರು. ಬಾಗಿಲಲ್ಲಿ ಆಕೆ ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು. ಹೊಸದುರ್ಗದ ಬಸ್ಸಿನವಳು ನನ್ನಿಂದ ಬಯಸಿದ್ದ ಅಪ್ಪುಗೆ ಬಹುಶಃ ಇದೇ ಅಳತೆಯದು.

ಹೊರಗೆ ಬಂದು ನಸ್ರೀನ್ ಒಂದು ಸೈಕಲ್ ಸಾಲಿಗೆ ಒರಗಿ ನಿಂತಳು. "ಮಿಸ್, ಆ ತಲೆ ತೊಳೆಯೋ ಸೀನು ಕಿತ್ತಾಕ್ಲಾ? ಅರ್ಧ ಜನ ಅದಕ್ಕೇ ನೊಂದ್ಕಂಡ್ರು."

"ಕಿತ್ತಾಕಿದ್ರೆ ಇನ್ನರ್ಧ ಜನ ನೊಂದ್ಕತಾರೆ," ಅಂದೆ. "ಸುಮ್ಕಿರು. ನಡಿ, ಏನಾದ್ರೂ ತಿನ್ನಾಣ."

ನದಿಯ ದಂಡೆ

ಊರಿನ ಪಕ್ಕದಲ್ಲೇ ಐಸೆಲ್ ಎಂಬ ನದಿ. ತುಂಬಿ ಹರಿಯುವ ನೀರಿನ ಪಕ್ಕದಲ್ಲೇ ಜನ ನಾಯಿ ಹಿಡಿದುಕೊಂಡು, ನೀರಿನ ಕಡೆ ಒಮ್ಮೆಯೂ ನೋಡದೆ ನಡೆಯುತ್ತಿದ್ದರು. ನಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಮೂರು ತಾಲೂಕಿನ ಜನ ಬುತ್ತಿ ಕಟ್ಟಿಕೊಂಡು ಬಂದು ನೀರಿಗೆ ಕೈಮುಗಿದದ್ದು ನೆನಪಾಗಿ ಟ್ರೂಸಳಿಗೆ ಹೇಳಿದೆ.

"ಇಲ್ಲಿ ನೀರು ಬಂದರೆ ಚಿಂತೆ," ಅಂದಳು. "ಕೈಮುಗಿಯುವವರನ್ನು ನಾನು ಕಂಡಿಲ್ಲ."

ಪೇಟೆಗೆ ಹೊರಟವಳು ನನ್ನನ್ನೂ ಕರೆದಿದ್ದಳು. ಪೇಟೆ ದಾಟಿ ನದಿಗೆ ಬಂದಿದ್ದೆವು. ಏನೋ ಕೇಳಬೇಕೆಂದಿದ್ದಾಳೆ ಎಂದು ನನಗೆ ಗೊತ್ತಾಗಿತ್ತು. ಪಾಠ ಬಾರದ ಮಕ್ಕಳು ನನ್ನ ಮೇಜಿನ ಸುತ್ತ ಹಾಗೆಯೇ ಸುಳಿಯುತ್ತಿದ್ದರು.

"ನಿನ್ನೆ ಜನ ಏನಂದರು?" ಕೊನೆಗೆ ಕೇಳಿದಳು.

ಎಲ್ಲವನ್ನೂ ಹೇಳಿದೆ. ತಲೆ ತೊಳೆಯುವ ದೃಶ್ಯಕ್ಕೆ ಬಂದಾಗ ಅವಳು ನಿಂತುಬಿಟ್ಟಳು.

"ತೊಳೆದದ್ದು ನಿಜ," ಅಂದಳು. "ಮಗುವಿನ ತಲೆ ತುಂಬ ಹುಣ್ಣಿತ್ತು. ಔಷಧ ಹಚ್ಚುವ ಮೊದಲು ಎಣ್ಣೆಯೆಲ್ಲ ಹೋಗಬೇಕು ಎಂದು ಡಾಕ್ಟರು ಹೇಳಿದ್ದರು. ಅವಳು ಕಿರುಚಿದಳು. ನನಗೆ ಅವಳ ಭಾಷೆ ಬರುತ್ತಿರಲಿಲ್ಲ, ಅವಳಿಗೆ ನನ್ನದು. ನಾನು ನಿಲ್ಲಿಸಲಿಲ್ಲ, ಅದೂ ನಿಜ. ಆಮೇಲೆ ಟವೆಲಿನಲ್ಲಿ ತಲೆ ಒರೆಸುತ್ತಾ ಕೂತೆ. ನೋವಾಗದ ಹಾಗೆ ಒಂದೊಂದೇ ಎಳೆ. ಬಂದಾಗಿನಿಂದ ಅವಳು ಮಲಗಿರಲಿಲ್ಲ. ಹಾಗೆ ಒರೆಸುವಾಗ ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಕಾಲು ಜೋಮು ಹಿಡಿಯಿತು, ಕೂದಲು ಒಣಗಿತು, ಆದರೂ ಒರೆಸುತ್ತಲೇ ಇದ್ದೆ."

ಒಂದು ದೋಣಿ ಹಾದುಹೋಯಿತು. ಅದು ಪೂರ್ತಿ ದಾಟುವವರೆಗೂ ಅವಳು ಅದನ್ನೇ ನೋಡಿದಳು.

"ಲೊಟ್ಟೆಗೆ ತೊಳೆದದ್ದು ನೆನಪಿದೆ. ಒರೆಸಿದ್ದು ಗೊತ್ತಿಲ್ಲ. ಹೇಗೆ ಗೊತ್ತಿರುತ್ತದೆ, ಅವಳು ನಿದ್ದೆ ಮಾಡುತ್ತಿದ್ದಳಲ್ಲ!"

"ನೀವು ಹೇಳಲಿಲ್ಲವಾ?"

"ಅವಳು ಕೇಳಲಿಲ್ಲ. ಈಗ ಹೇಳಿದರೆ ಸಿನಿಮಾಕ್ಕೆ ಹೆದರಿ ಹೇಳಿದ ಹಾಗಾಗುತ್ತದೆ."

ನನಗೆ ಸಮಾಧಾನದ ಮಾತು ಆ ಇಂಗ್ಲಿಷಿನಲ್ಲಿ ಬರಲಿಲ್ಲ. ಬದಲಿಗೆ ಬಸ್ಸಿನ ಹೆಂಗಸಿನ ಕಥೆ ಹೇಳಿದೆ. ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ನಾನು ಬೈಸಿಕೊಂಡ ರೀತಿಯನ್ನು ಅಭಿನಯಿಸಿ ತೋರಿಸಿದೆ. ಟ್ರೂಸ್ ಮೊದಲು ನಂಬಲಿಲ್ಲ, ಆಮೇಲೆ ನಕ್ಕಳು, ನಗುತ್ತಾ ಬೆಂಚಿನ ಮೇಲೆ ಕೂತಳು.

"ನಿಮಗೂ ಬೈದರಾ?" ಅಂದಳು, ಬಹಳ ಸಂತೋಷಪಟ್ಟು.

"ಬಸ್ಸು ತುಂಬ ಜನ. ನಾಳೆ ಇನ್ನೊಂದು ಪ್ರದರ್ಶನವಿದೆ, ಬನ್ನಿ. ಇಬ್ಬರೂ ಒಟ್ಟಿಗೆ ಕೂತು ಬೈಸಿಕೊಳ್ಳೋಣ. ಒಬ್ಬರೇ ಬೈಸಿಕೊಳ್ಳುವುದು ಬೇಜಾರು."

ಅವಳು ಬರುತ್ತೇನೆ ಅನ್ನಲಿಲ್ಲ. ಮನೆಗೆ ಬಂದು ಕಾಫಿ ಮಾಡಿ ಬಿಸ್ಕತ್ತಿನ ಡಬ್ಬ ತೆರೆದಳು. ನಾನು ಒಂದು ತೆಗೆದುಕೊಂಡೆ. ಡಬ್ಬ ತೆರೆದೇ ಇತ್ತು. ನಾನು ನೋಡಿದೆ, ಅವಳು ನೋಡಿದಳು. ಎರಡನೆಯದನ್ನು ತೆಗೆದುಕೊಂಡಾಗ ನನಗೆ ಏನೋ ಕಾನೂನು ಮುರಿದಂತಾಯಿತು.

ಎರಡನೇ ಪ್ರದರ್ಶನ

ಮರುದಿನ ಜೋರು ಮಳೆ. ಟ್ರೂಸ್ ಮಳೆಯ ಅಂಗಿ ಹಾಕಿಕೊಂಡು ನನ್ನ ಜೊತೆ ಹೊರಟಳು, ಕೊನೆಯ ಸಾಲಿನಲ್ಲಿ ಕೂತಳು. ನಾನೂ ಪಕ್ಕದಲ್ಲೇ ಕೂತೆ. ಪರದೆಯ ಪಕ್ಕ ನಿಂತಿದ್ದ ಲೋಟಮ್ಮ ತಾಯಿಯನ್ನು ಕಂಡವಳೇ ನಸ್ರೀನಳ ಕೈ ಹಿಡಿದುಕೊಂಡದ್ದು ನನಗೆ ಕಾಣಿಸಿತು.

ತಲೆ ತೊಳೆಯುವ ದೃಶ್ಯ ಬಂತು. ಟ್ರೂಸ್ ಕಣ್ಣು ಮುಚ್ಚಲಿಲ್ಲ. ಮುಗಿದಾಗ ಮೂಗಿನಿಂದ ಒಂದು ಸಣ್ಣ ಸದ್ದು ಮಾಡಿದಳು. ಅತ್ತಳೋ ಎಂದು ನೋಡಿದರೆ ಇಲ್ಲ. ಸಾರಿಗೆ ಉಪ್ಪು ಕಡಿಮೆಯಾದಾಗ ನಮ್ಮತ್ತೆ ಮಾಡುತ್ತಿದ್ದ ಸದ್ದು ಅದು.

ಪ್ರಶ್ನೆಗಳ ಹೊತ್ತಿಗೆ ಮೊದಲು ಮೇಲೆದ್ದ ಕೈ ಟ್ರೂಸಳದು. ನಾನು ವೇದಿಕೆಗೆ ಹೋಗಿ ಕೂತಿದ್ದೆ. ಲೋಟಮ್ಮನ ಮುಖ ಬಿಳುಚಿತು.

ಟ್ರೂಸ್ ಎದ್ದು ನಿಂತು ತನ್ನ ಭಾಷೆಯಲ್ಲಿ ಮಾತಾಡಿದಳು. ಮೊದಲು ಗಟ್ಟಿಯಾಗಿ, ಪಟ್ಟಿ ಓದಿದಂತೆ. ಜನ ನಕ್ಕರು. ಆಮೇಲೆ ದನಿ ತಗ್ಗಿತು. ನಗು ನಿಂತಿತು. ಲೋಟಮ್ಮ ಮೈಕು ಕೆಳಗಿಟ್ಟು ಏನೋ ಕೇಳಿದಳು. ಟ್ರೂಸ್ ಉತ್ತರಿಸಿದಳು. ಲೋಟಮ್ಮ ಮತ್ತೆ ಕೇಳಿದಳು, ಈ ಸಲ ಮಗುವಿನ ದನಿಯಲ್ಲಿ.

"ಏನಂತೆ ಮಿಸ್? ಏನ್ ನಡೀತೈತೆ?" ನಸ್ರೀನ್ ನನ್ನ ಸೆರಗು ಜಗ್ಗಿದಳು. "ಯಾರೂ ಇಂಗ್ಲಿಷಲ್ಲಿ ಹೇಳವಲ್ರು!"

ಡಚ್ ಭಾಷೆಯ ಒಂದಕ್ಷರವೂ ಬಾರದ ನಾನು ಅವಳಿಗೆ ಪೂರ್ತಿ ಅನುವಾದ ಮಾಡಿದೆ. "ಈಗ ತಲೇಲಿ ಹುಣ್ಣಿತ್ತು ಅಂತವ್ರೆ... ಈಗ ಟವೆಲಲ್ಲಿ ಒರೆಸಿದ್ದು ಹೇಳ್ತವ್ರೆ... ಒರೆಸೋವಾಗ ನೀನು ನಿದ್ದೆ ಹೋದೆ ಅಂತವ್ರೆ... ಲೋಟಮ್ಮ ಎಷ್ಟೊತ್ತು ಅಂತ ಕೇಳ್ತವಳೆ... ಕಾಲು ಜೋಮು ಹಿಡಿಯೋವರ್ಗೂ ಅಂತವ್ರೆ."

ನಸ್ರೀನ್ ಬಾಯಿ ತೆರೆದು ನನ್ನನ್ನೇ ನೋಡಿದಳು. "ಮಿಸ್, ನಾಕು ದಿನದಾಗೆ ಡಚ್ ಕಲ್ತ್ರಾ?"

ಆ ಹೊತ್ತಿಗೆ ಲೋಟಮ್ಮ ವೇದಿಕೆಯಿಂದ ಇಳಿದು ಹೋಗಿದ್ದಳು. ಮಧ್ಯದ ಹಾದಿಯಲ್ಲಿ ತಾಯಿಯ ಎದುರು ನಿಂತಳು. ಅಪ್ಪಿಕೊಳ್ಳುತ್ತಾರೆಂದು ಸಭೆಯೆಲ್ಲ ಕಾದಿತು. ನಾನೂ ಕಾದೆ. ಇಬ್ಬರೂ ಅಪ್ಪಿಕೊಳ್ಳಲಿಲ್ಲ. ವಾದ ಮಾಡತೊಡಗಿದರು. ಮೊದಲೇ ಯಾಕೆ ಹೇಳಲಿಲ್ಲ, ನೀನು ಯಾಕೆ ಕೇಳಲಿಲ್ಲ ಎಂಬ ವ್ಯಾಜ್ಯ ಅದು. ಆ ವ್ಯಾಜ್ಯಕ್ಕೆ ಯಾವ ಊರಿನಲ್ಲೂ ಅನುವಾದ ಬೇಕಾಗುವುದಿಲ್ಲ.

ನಮ್ಮ ಮಾತುಕತೆಯ ಸಮಯ ಹಾಗೆಯೇ ಮುಗಿಯಿತು. ಚಿತ್ರಮಂದಿರದ ಮೆಟ್ಟಿಲ ಮೇಲೆ ಎಲ್ಲರೂ ಮಳೆ ನೋಡುತ್ತಾ ನಿಂತೆವು. ನಸ್ರೀನ್ ಧೈರ್ಯ ಮಾಡಿ ಟ್ರೂಸಳನ್ನು ನೇರವಾಗಿ ಕೇಳಿದಳು, ಸಿನಿಮಾ ಹೇಗಿತ್ತು?

"ಉದ್ದವಾಯಿತು," ಅಂದಳು ಟ್ರೂಸ್. "ಎಮ್ಮೆಯನ್ನು ಅಷ್ಟು ಹೊತ್ತು ತೋರಿಸಬೇಕಾಗಿರಲಿಲ್ಲ. ಖೌರಮ್ಮ ಚೆನ್ನಾಗಿ ಮಾಡಿದ್ದಾರೆ. ನನ್ನ ಪಾತ್ರ ಮಾಡಿದವಳಿಗೆ ತೊಳೆಯುವುದು ಬರುತ್ತದೆ, ಒರೆಸಲು ಬರುವುದಿಲ್ಲ."

"ಒರೆಸೋದನ್ನ ನಾವು ಶೂಟೇ ಮಾಡಿಲ್ವಲ್ಲ," ಎಂದು ನಸ್ರೀನ್ ನನ್ನ ಕಿವಿಯಲ್ಲಿ ಹೇಳಿದಳು.

ಅಷ್ಟರಲ್ಲಿ ಸೈಕಲ್ ತರಲು ಓಡಿದ್ದ ಲೋಟಮ್ಮ ತೊಯ್ದು ತೊಪ್ಪೆಯಾಗಿ ವಾಪಸು ಬಂದಳು. ಟ್ರೂಸ್ ತನ್ನ ಕೊರಳಿನ ಉಣ್ಣೆಯ ಶಾಲು ಬಿಚ್ಚಿದಳು. "ನೋಡು, ಹೀಗೆ," ಎಂದು ನಸ್ರೀನಳಿಗೆ ಹೇಳಿ, ಮಗಳ ತಲೆಯನ್ನು ಬಗ್ಗಿಸಿ ಒರೆಸತೊಡಗಿದಳು. ಉಜ್ಜಲಿಲ್ಲ. ಕೂದಲನ್ನು ಸಣ್ಣ ಸಣ್ಣ ಜಡೆಯಷ್ಟು ವಿಂಗಡಿಸಿ, ಬುಡದಿಂದ ತುದಿಯವರೆಗೆ ಒತ್ತಿ ಒತ್ತಿ. ಮೊದಲು "ಮಾ, ಜನ ನೋಡ್ತಿದ್ದಾರೆ" ಎಂಬಂಥದ್ದೇನೋ ಗೊಣಗಿದ ಲೋಟಮ್ಮ ಆಮೇಲೆ ಸುಮ್ಮನಾದಳು. ಸ್ವಲ್ಪ ಸ್ವಲ್ಪವಾಗಿ ಅವಳ ಹಣೆ ತಾಯಿಯ ಭುಜಕ್ಕೆ ತಾಗಿತು. ನಸ್ರೀನ್ ಫೋನು ಕೈಯಲ್ಲಿದ್ದರೂ ಚಿತ್ರ ತೆಗೆಯಲಿಲ್ಲ.

ಮುಗಿದ ಮೇಲೆ ಟ್ರೂಸ್ ನನ್ನ ಕಡೆ ತಿರುಗಿದಳು. ಬರುವಾಗ ಕೊಡೆ ಗಾಳಿಗೆ ಉಲ್ಟಾ ಹೊಡೆದು ನನ್ನ ತಲೆಯೂ ನೆನೆದಿತ್ತು, ಸಿನಿಮಾ ಮುಗಿದರೂ ಆರಿರಲಿಲ್ಲ.

"ಬನ್ನಿ, ನಿಮ್ಮದೂ," ಅಂದಳು.

"ಬೇಡ, ಬೇಡ," ಅಂದೆ. ನಮ್ಮೂರಿನ ಬೇಡ. ಅದು ಅವಳಿಗೆ ಅರ್ಥವಾಗುವುದಿಲ್ಲವೆಂದುಕೊಂಡಿದ್ದೆ, ಅರ್ಥವಾಯಿತು. ನನ್ನ ತುರುಬು ಬಿಚ್ಚಿ, ಅರ್ಧ ಬೆಳ್ಳಗಾದ ಕೂದಲನ್ನು ಹರಡಿ, ಒದ್ದೆ ಶಾಲಿನಲ್ಲೇ ಒರೆಸಿದಳು. ನನ್ನವ್ವ ಹೋದ ಮೇಲೆ ನನ್ನ ತಲೆಯನ್ನು ಇನ್ನೊಬ್ಬರು ಒರೆಸಿರಲಿಲ್ಲ. ಡೆವೆಂಟರಿನ ಅಷ್ಟೂ ಜನ ಕೊಡೆ ಬಿಚ್ಚುತ್ತಾ ಪಕ್ಕದಲ್ಲಿ ಹಾದುಹೋದರು, ನಾನು ಕತ್ತು ಬಗ್ಗಿಸಿ ನಿಂತಿದ್ದೆ. ಕಣ್ಣಲ್ಲಿ ನೀರು ಬಂತು. ಮಳೆ ಇದ್ದದ್ದರಿಂದ ಲೆಕ್ಕಕ್ಕೆ ಬರಲಿಲ್ಲ.

ಹೊರಗೆ ಹೊರಟಿದ್ದ ಒಬ್ಬ ಮುದುಕಿ ನಮ್ಮ ಹತ್ತಿರ ನಿಂತಳು. ಲೋಟಮ್ಮನನ್ನೂ ನನ್ನನ್ನೂ ನೋಡಿ ಟ್ರೂಸಳಿಗೆ ಏನೋ ಕೇಳಿದಳು. ಟ್ರೂಸ್ ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಲೋಟಮ್ಮ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಏನಂತೆ?" ಎಂದು ಕೇಳಿದೆ.

"ಇವರೂ ನಿಮ್ಮ ಮಗಳಾ ಅಂತ ಕೇಳಿದರು," ಅಂದಳು ಲೋಟಮ್ಮ.

"ನಿಮ್ಮ ಅಮ್ಮ ಏನಂದರು?"

"'ಅಲ್ಲ, ಆದರೆ ತಲೆ ನೆನೆದಿದೆಯಲ್ಲ' ಅಂದರು."